ಮುಕ್ಕಾಲು ಮೀಟರ್ ಖಣದಲ್ಲಿ ನಲವತ್ತರ ಕುಪ್ಪಸ: ನನ್ನ ಅನುಭವ

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ಕುಪ್ಪಸಕ್ಕೆಂದೇ ನೇಯುವ ಕೈಮಗ್ಗದ ಬಟ್ಟೆ ಖಣ, ಸುಮಾರು 31 ಇಂಚು ಅಗಲವಿರುತ್ತದೆ. ಅಷ್ಟು ಅಗಲದ ಬಟ್ಟೆಯಲ್ಲಿ, ಎದೆಯಳತೆ 40 ಇಂಚು ಇರುವವರಿಗೆ, ತೋಳೂ ಸೇರಿದಂತೆ ಮುಕ್ಕಾಲು ಮೀಟರಿನೊಳಗೆ ಕುಪ್ಪಸ ಕತ್ತರಿಸಲು ಆಗುವುದೇ ಇಲ್ಲವೆಂದು ನನಗೆ ಹೇಳಿದವರಲ್ಲಿ ಎರಡು ಬಗೆಯವರಿದ್ದರು. ಧಾರವಾಡದಲ್ಲಿ ತಲೆ ನರೆಯುವವರೆಗೆ ಕತ್ತರಿ ಹಿಡಿದ ಟೇಲರ್ ಮಾಸ್ತರರು ಒಂದು ಕಡೆ, ಬೆಂಗಳೂರಿನ ಫ್ಯಾಷನ್ ಕಾಲೇಜುಗಳಲ್ಲಿ ಪ್ಯಾಟರ್ನ್ ಮೇಕಿಂಗ್ ಕಲಿಸುವ ನನ್ನ ಹಳೆಯ ಸಹೋದ್ಯೋಗಿಗಳು ಇನ್ನೊಂದು ಕಡೆ. “ಇದು ಪುಸ್ತಕದ ಮಾತ್ರಿ ಅಕ್ಕಾರ, ಮೇಜಿನ ಮ್ಯಾಲೆ ನಡ್ಯೂದಿಲ್ಲ” ಎಂದು ಮಾಸ್ತರರು ಹೇಳಿದರೆ, ಅಳತೆ ಏರಿಸುವ ನಿಯಮಕ್ಕೇ ಇದು ವಿರುದ್ಧವೆಂದು ಸಹೋದ್ಯೋಗಿಗಳು ತೀರ್ಪು ಕೊಟ್ಟರು. ಈಗ ಅಂಥ ಕುಪ್ಪಸಗಳನ್ನೇ ನಾನು ಹೊಲಿಸಿ ಮಾರುತ್ತಿದ್ದು, ಎರಡೂ ಕಡೆಯವರು ಕತ್ತರಿಸುವ ನಕ್ಷೆ ಕಳುಹಿಸಿ ಎಂದು ಕೇಳುತ್ತಿರುವುದರಿಂದ, ಒಬ್ಬೊಬ್ಬರಿಗೂ ಫೋನಿನಲ್ಲಿ ವಿವರಿಸುವ ಬದಲು ಒಮ್ಮೆಗೇ ಬರೆದುಬಿಡುವುದು ಮೇಲೆನಿಸಿತು. ಕಟಿಂಗ್ ಬಲ್ಲವರಿಗಾಗಿ ಬರೆಯುತ್ತಿದ್ದೇನೆ. ಆದ್ದರಿಂದ ಎದೆಯ ಅಳತೆಯನ್ನು ಎಲ್ಲಿಂದ ತೆಗೆಯಬೇಕು, ಮಾರ್ಜಿನ್ ಎಂದರೇನು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಒಂದೆರಡು ಕಡೆ ಬೇಕೆಂದೇ ಬಾಯಿ ಬಿಗಿ ಹಿಡಿದಿದ್ದೇನೆ. ಹೊಟ್ಟೆಪಾಡು ಅದರ ಮೇಲೆ ನಿಂತಿರುವುದರಿಂದ ಓದುವವರು ಬೇಸರ ಮಾಡಿಕೊಳ್ಳಬಾರದು.

ನಾನು ಮೊದಲು ಕತ್ತರಿಯವಳಲ್ಲ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಹದಿಮೂರು ಹದಿನಾಲ್ಕು ವರ್ಷ ಉಡುಪಿನ ಇತಿಹಾಸ ಪಾಠ ಮಾಡಿದವಳು. ಗ್ರೀಕರ ನಿಲುವಂಗಿ ಖಿಟಾನ್‌ನಿಂದ ಹಿಡಿದು 1947ರಲ್ಲಿ ಕ್ರಿಸ್ಟಿಯನ್ ಡಿಯೋರ್ ತಂದ ‘ನ್ಯೂ ಲುಕ್’ವರೆಗೆ ಮೂರು ಸೆಮಿಸ್ಟರ್ ನಡೆಯುತ್ತಿತ್ತು. ಭಾರತಕ್ಕೆ ಒಂದು ಸೆಮಿಸ್ಟರ್ ಸಿಗುತ್ತಿತ್ತು, ಅದರಲ್ಲಿ ಅಜಂತಾ ಮತ್ತು ಮೊಘಲರು ಮುಗಿಯುವಷ್ಟರಲ್ಲಿ ಪರೀಕ್ಷೆ ಬಂದಿರುತ್ತಿತ್ತು. ಕರ್ನಾಟಕಕ್ಕೆ ಉಳಿಯುತ್ತಿದ್ದುದು ಇಳಕಲ್ ಸೀರೆಯ ಒಂದು ಚಿತ್ರ, ಕಸೂತಿಯ ಒಂದು ಚಿತ್ರ. ಹುಟ್ಟಿ ಬೆಳೆದದ್ದು ಧಾರವಾಡದಲ್ಲಾದರೂ, ಅಜ್ಜಿ ದಿನವೂ ತೊಡುತ್ತಿದ್ದ, ಮುಂದೆ ಗಂಟು ಹಾಕುವ ಗಂಟಿನ ಕುಪ್ಪಸದ ಬಗ್ಗೆ ನಾನೇ ಒಂದು ತಾಸು ಪಾಠ ಮಾಡಿದ್ದು ನೆನಪಿಲ್ಲ. ಇಂದಿನ ರವಿಕೆಯ ಕಥೆಯನ್ನು ನಾವೆಲ್ಲ ರವೀಂದ್ರನಾಥ ಠಾಕೂರರ ಅತ್ತಿಗೆ ಜ್ಞಾನದಾನಂದಿನಿ ದೇವಿಯವರಿಂದ, ಅಂದರೆ 1860ರ ದಶಕದ ಮುಂಬಯಿ ಮತ್ತು ಕಲ್ಕತ್ತೆಯಿಂದ ಆರಂಭಿಸುತ್ತಿದ್ದೆವು. ಹೊಲಿದ ಕುಪ್ಪಸವನ್ನು ಖಣದ ದಡಿಯ (ನೇಯ್ದ ಅಂಚಿನ) ಜೊತೆಗೇ ಯೋಚಿಸಿ ಕತ್ತರಿಸುತ್ತಿದ್ದ ಒಂದು ಇಡೀ ಸೀಮೆ ನಮ್ಮ ಪಾಠಪಟ್ಟಿಯಲ್ಲಿ ಇರಲೇ ಇಲ್ಲ.

ಕೊರೋನಾದ ನಂತರ ಕಾಲೇಜಿನವರು ಇತಿಹಾಸದ ತಾಸುಗಳನ್ನು ಅರ್ಧಕ್ಕಿಳಿಸಿ, ಉಳಿದರ್ಧಕ್ಕೆ ಸೋಶಿಯಲ್ ಮೀಡಿಯಾ ಮಾರ್ಕೆಟಿಂಗ್ ಹಾಕಿದರು. ಸಂಬಳ ಐವತ್ತು ಸಾವಿರದ ಹತ್ತಿರ ಹೋಗಿದ್ದು ಮೂವತ್ತಕ್ಕೆ ಬಂತು. ಅದೇ ಹೊತ್ತಿಗೆ ಅವ್ವನ ಆರೋಗ್ಯ ಕೆಟ್ಟು ಧಾರವಾಡಕ್ಕೆ ಓಡಾಟ ಹೆಚ್ಚಾಯಿತು. ಪಿಎಚ್‌ಡಿ ಮಾತ್ರ ಮುಗಿಯದೆ ಕುಂಟುತ್ತಿತ್ತು. ಉಡುಪನ್ನು ಚಿಹ್ನೆಗಳ ವ್ಯವಸ್ಥೆಯಾಗಿ ಓದುವ, ಫ್ರೆಂಚ್ ಚಿಂತಕ ರೋಲಾಂ ಬಾರ್ತ್ 1967ರಲ್ಲಿ ಹಾಕಿಕೊಟ್ಟ ದಾರಿಯಲ್ಲಿ ಹೊರಟ ಪ್ರಬಂಧ ಅದು. ಬಟ್ಟೆಯನ್ನು ಮುಟ್ಟದೆಯೇ ಇನ್ನೂರು ಪುಟ ಬರೆಯಬಹುದಾದ ದಾರಿ.

ನಮ್ಮ ಕ್ಷೇತ್ರದಲ್ಲಿ ಇರುವವರಿಗೆ ಈ ಜಗಳ ಹೊಸದಲ್ಲ. ಮ್ಯೂಸಿಯಂನಲ್ಲಿ ಕುಳಿತು ಹೊಲಿಗೆ ಎಣಿಸುವವರನ್ನು ವಿಶ್ವವಿದ್ಯಾಲಯದವರು ಗುಂಡಿ ಲೆಕ್ಕ ಮಾಡುವವರೆಂದು ಹಗುರವಾಗಿ ಕಾಣುತ್ತಾರೆ, ಮ್ಯೂಸಿಯಂನವರು ವಿಶ್ವವಿದ್ಯಾಲಯದವರನ್ನು ತೋಳು ಯಾವುದು ಬಗಲು ಯಾವುದು ಗೊತ್ತಿಲ್ಲದವರೆಂದು ನಗುತ್ತಾರೆ. ನಾನು ಮೊದಲನೆಯ ಗುಂಪಿಗೆ ಜಾರಿದ್ದು ಇಬ್ಬರು ಹೆಂಗಸರ ಕೆಲಸ ನೋಡಿ. ಇಂಗ್ಲೆಂಡಿನ ಜಾನೆಟ್ ಆರ್ನಾಲ್ಡ್, ಹಳೆಯ ಉಡುಪುಗಳನ್ನು ಬಿಚ್ಚದೆ ಅಳೆದು, ಒಂದು ಇಂಚಿಗೆ ಎಂಟನೆಯ ಒಂದು ಇಂಚಿನಂತೆ ಚೌಕಳಿ ಹಾಳೆಯ ಮೇಲೆ ಇಳಿಸುತ್ತಿದ್ದರು. ಟೊರಾಂಟೊದ ರಾಯಲ್ ಒಂಟಾರಿಯೊ ಮ್ಯೂಸಿಯಂನ ಡೊರೊತಿ ಬರ್ನ್‌ಹ್ಯಾಮ್, ಜಾನಪದ ಉಡುಪುಗಳ ಆಕಾರವನ್ನು ತೀರ್ಮಾನಿಸುವುದು ಮೈಗಿಂತ ಹೆಚ್ಚಾಗಿ ಮಗ್ಗದ ಅಗಲವೆಂದು 1973ರಲ್ಲಿ ನಕ್ಷೆ ಸಮೇತ ತೋರಿಸಿಕೊಟ್ಟರು. ಆ ಎರಡನೆಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಗ್ಗದ ಅಗಲ 31 ಇಂಚು ಇದ್ದಾಗ, ಆ 31 ಇಂಚನ್ನು ಬಲ್ಲ ಯಾರೋ ಒಬ್ಬಳು ಇದನ್ನು ಎಂದೋ ಬಗೆಹರಿಸಿರಲೇಬೇಕು ಎಂಬ ನಂಬಿಕೆಯಿಂದಲೇ ನಾನು ಹಳೆಯ ಕುಪ್ಪಸ ಹುಡುಕಿ ಮನೆಮನೆಯ ಟ್ರಂಕು ತೆರೆಸಲು ಹೊರಟದ್ದು.

ಧಾರವಾಡ, ಗದಗ, ಬಾದಾಮಿ ಕಡೆಯ ಪರಿಚಯದ ಮನೆಗಳಲ್ಲಿ ಸುಮಾರು ಎರಡು ವರ್ಷ ಓಡಾಡಿ ನಲವತ್ತರ ಹತ್ತಿರ ಹಳೆಯ ಕುಪ್ಪಸಗಳನ್ನು ಅಳೆದೆ. ಸಾಮಾನು ಹೆಚ್ಚೇನಿಲ್ಲ: ಎಳೆ ಎಣಿಸುವ ಭೂತಗನ್ನಡಿ, ಮೆತ್ತನೆಯ ಟೇಪು, ಸಣ್ಣ ಟಾರ್ಚು, ಚೌಕಳಿ ಹಾಳೆ, ಪೆನ್ಸಿಲು. ಹಳೆಯ ಬಟ್ಟೆಯ ಹತ್ತಿರ ಪೆನ್ನು ತರಬಾರದೆಂಬುದು ನಿಮಗೆಲ್ಲ ಗೊತ್ತೇ ಇದೆ. ಮನೆಯವರಿಗೆ ನಾನು ಮಾಡುವುದು ವಿಚಿತ್ರವಾಗಿ ಕಾಣುತ್ತಿತ್ತು. “ಬೇಕಾದ್ರ ತಗೊಂಡ ಹೋಗ್ರಿ, ಒಲೀಗೆ ಹಾಕವ್ರಿದ್ವಿ” ಎಂದವರಿದ್ದಾರೆ. ಉಡಿ ತುಂಬಿದ ಖಣಗಳನ್ನು ಹೊಲಿಸದೆ ಹಾಗೆಯೇ ಇಟ್ಟುಕೊಂಡು, ಹೊಲಿಸಿದ್ದನ್ನು ಮಾತ್ರ ನೆಲ ಒರೆಸಲು ಹಾಕಿದ ಮನೆಗಳೂ ಇದ್ದವು. ಸಂಶೋಧಕರಿಗೆ ಬೇಕಾದದ್ದು ಯಾವಾಗಲೂ ಜನ ಎಸೆಯುವುದೇ.

ನನ್ನ ವಿಧಾನ ಹುಟ್ಟಿದ್ದು ಬಾದಾಮಿ ಸಮೀಪದ ಒಂದು ಮನೆಯಲ್ಲಿ ಒಬ್ಬಳೇ ಅಜ್ಜಿಗೆ ಸೇರಿದ ಮೂರು ಕುಪ್ಪಸ ಒಟ್ಟಿಗೆ ಸಿಕ್ಕಾಗ. ಒಂದು ಮದುವೆಯದು, ಒಂದು ಮೂರ್ನಾಲ್ಕು ಮಕ್ಕಳಾದ ಮೇಲಿನದು, ಇನ್ನೊಂದು ಮುಪ್ಪಿನದು. ಮೂರರ ಸುತ್ತಳತೆಯೂ ಬೇರೆ ಬೇರೆ, ಮೊದಲನೆಯದಕ್ಕೂ ಎರಡನೆಯದಕ್ಕೂ ಆರು ಇಂಚಿನಷ್ಟು ಅಂತರ. ಆದರೆ ನೆಲದ ಮೇಲೆ ಹಾಸಿ ಅಳೆದಾಗ ಬೆನ್ನಿನ ತುಂಡು ಮೂರರಲ್ಲೂ ಒಂದೇ ಅಗಲ. ಎದೆಯ ಎರಡು ತುಂಡುಗಳೂ ಅಷ್ಟೆ. ಬದಲಾಗಿದ್ದದ್ದು ಎರಡೇ ಕಡೆ: ಬೆನ್ನಿಗೂ ಎದೆಗೂ ನಡುವೆ ಪಕ್ಕದಲ್ಲಿ ಕೂಡಿಸಿದ ಸಣ್ಣ ಪಟ್ಟಿ, ಮತ್ತು ಬಗಲಿನ ಚೌಕ, ಅಂದರೆ ತೋಳೆತ್ತಲು ಸಡಿಲ ಸಿಗಲೆಂದು ಕಂಕುಳಲ್ಲಿ ಕೂಡಿಸಿದ ತುಂಡು. ಮದುವೆಯ ಕುಪ್ಪಸದಲ್ಲಿ ಪಕ್ಕದ ಪಟ್ಟಿಯೇ ಇಲ್ಲ, ಬಗಲಿನ ಚೌಕ ಎರಡೂವರೆ ಇಂಚಿನದು. ನಡುವಯಸ್ಸಿನದರಲ್ಲಿ ಪಟ್ಟಿ ಮೂರು ಇಂಚು, ಚೌಕ ನಾಲ್ಕಕ್ಕೆ ಹೋಗಿದೆ. ಅದಕ್ಕಿಂತ ಸೋಜಿಗವೆಂದರೆ, ಮುಪ್ಪಿನ ಕುಪ್ಪಸದಲ್ಲಿ ಬಲ ಬಗಲಿನ ಚೌಕ ಎಡದ್ದಕ್ಕಿಂತ ಅರ್ಧ ಇಂಚು ದೊಡ್ಡದಿತ್ತು. ಮೊಮ್ಮಗಳನ್ನು ಕೇಳಿದೆ. ಅಜ್ಜಿ ಕಡೆಯವರೆಗೂ ದಿನಕ್ಕೆ ಎರಡು ಹೊತ್ತು ರೊಟ್ಟಿ ಬಡಿಯುತ್ತಿದ್ದಳಂತೆ. ಹೊಲಿಗೆ ಕೈಯದು, ಇಂಚಿಗೆ ಹನ್ನೊಂದು ಹನ್ನೆರಡು ಟಾಕಿ, ಚೌಕದ ನಾಲ್ಕೂ ಮೂಲೆಯಲ್ಲಿ ದಾರವನ್ನು ಎರಡು ಸುತ್ತು ಹಿಂದಕ್ಕೆ ತಂದು ಬಿಗಿಮಾಡಿದ್ದರು. ಎಡ ಬಗಲಿನ ಚೌಕಕ್ಕೆ ಬಟ್ಟೆ ಸಾಲದೆ ದಡಿಯ ತುಣುಕು ಕೂಡಿಸಿದ್ದು ಟಾರ್ಚಿನ ಬೆಳಕಿನಲ್ಲಿ ಕಂಡಿತು.

ಆಧುನಿಕ ಗ್ರೇಡಿಂಗಿನಲ್ಲಿ, ಅಂದರೆ ಅಳತೆ ಏರಿಸುವುದರಲ್ಲಿ, ನಾವು ಏನು ಮಾಡುತ್ತೇವೆ? ಎದೆಯಳತೆ ಎರಡು ಇಂಚು ಏರಿದರೆ ಅದನ್ನು ಬೆನ್ನು, ಎದೆ, ಹೆಗಲು, ತೋಳುಗಳಿಗೆಲ್ಲ ಹಂಚುತ್ತೇವೆ. ಅದರಿಂದ ಪ್ರತಿ ಅಳತೆಗೂ ನಕ್ಷೆ ಬೇರೆ, ಬಟ್ಟೆ ಹಾಸುವ ಕ್ರಮ ಬೇರೆ, ಉಳಿಯುವ ಚಿಂದಿ ಬೇರೆ. ಆ ಅಜ್ಜಿಗೆ, ಅಥವಾ ಅವಳಿಗೆ ಹೊಲಿದವಳಿಗೆ, ದೊಡ್ಡ ತುಂಡುಗಳು ಮಗ್ಗದ ಅಗಲಕ್ಕೆ ಕಟ್ಟುಬಿದ್ದವು, ಮೈ ಬದಲಾದರೆ ಅದನ್ನು ಸಣ್ಣ ತುಂಡುಗಳು ಹೊರಬೇಕು. ಇದನ್ನು ಒಂದು ವಿಚಾರಸಂಕಿರಣದಲ್ಲಿ ಓದಿದಾಗ ಮೊದಲು ಬಂದ ಪ್ರಶ್ನೆ, ‘ನಿಮ್ಮ ಸೈದ್ಧಾಂತಿಕ ಚೌಕಟ್ಟು ಯಾವುದು’ ಎಂಬುದು. ಬಗಲಿನ ಚೌಕವೇ ನನ್ನ ಚೌಕಟ್ಟು ಎಂದು ಹೇಳಿ ಕೂತೆ. ಅದಾಗಿ ಕೆಲವು ತಿಂಗಳಲ್ಲಿ ಕೆಲಸ ಬಿಟ್ಟೆ, ಪ್ರಬಂಧವನ್ನೂ ಬಿಟ್ಟೆ.

ಈಗ ಮೇಜಿನ ಮೇಲಿನ ಮಾತು. 75 ಸೆಂಟಿಮೀಟರ್ ಎಂದರೆ ಇಪ್ಪತ್ತೊಂಬತ್ತೂವರೆ ಇಂಚು ಉದ್ದ, ಅಗಲ 31. ಒಂದು ದಡಿಯ ಉದ್ದಕ್ಕೂ ಎಂಟು ಇಂಚು ಆಳದ ಪಟ್ಟಿಯಲ್ಲಿ ಎರಡೂ ತೋಳು, ಒಂದೊಂದಕ್ಕೆ 14 ಇಂಚು. ದಡಿಯೇ ತೋಳಿನ ಅಂಚಾಗುವುದರಿಂದ ಮಡಿಸಿ ಹೊಲಿಯುವ ಬಟ್ಟೆ ಉಳಿಯಿತು. ಇನ್ನೊಂದು ದಡಿಯ ಮೇಲೆ ಬೆನ್ನು ಕೂರುತ್ತದೆ: 20 ಇಂಚು ಅಗಲ, 14 ಎತ್ತರ, ಕೆಳಗಿನ ಅಂಚು ದಡಿಯದೇ. ನಡುವೆ ಉಳಿದ ಒಂಬತ್ತು ಇಂಚಿನ ಪಟ್ಟಿಯಲ್ಲಿ ಎದೆಯ ಎರಡು ತುಂಡು, ತಲಾ ಹದಿಮೂರೂವರೆ ಉದ್ದ. ಅದರ ತುದಿಗೆ ಉಳಿಯುವ ಎರಡೂವರೆ ಇಂಚು ಗಂಟಿನ ಬಾಲಕ್ಕೆ ಸಾಕು. ಬೆನ್ನಿನ ಪಕ್ಕದಲ್ಲಿ ಉಳಿದ ಒಂಬತ್ತೂವರೆಗೆ ಹದಿನಾಲ್ಕರ ತುಂಡಿನಲ್ಲಿ ಪಕ್ಕದ ಎರಡು ಪಟ್ಟಿ, ಬಗಲಿನ ಎರಡು ಚೌಕ, ಮೇಲೆ ಒಂದು ಚೌಕ ಹೆಚ್ಚಿಗೆ. ಆ ಹೆಚ್ಚಿನದನ್ನು ನಾನು ಗಿರಾಕಿಗೆ ಕುಪ್ಪಸದ ಜೊತೆಗೇ ಕೊಡುತ್ತೇನೆ, ಮುಂದೆ ಮೈ ಬಂದರೆ ಬಿಚ್ಚಿ ಕೂಡಿಸಿಕೊಳ್ಳಲಿ ಎಂದು. ಕೊರಳಿನದೊಂದು ಹಿಡಿ ಚಿಂದಿ ಬಿಟ್ಟರೆ ಕಸದ ಬುಟ್ಟಿಗೆ ಹೋಗುವುದೇನಿಲ್ಲ. ನನ್ನಲ್ಲಿರುವುದು ಎರಡೇ ನಕ್ಷೆ: ಒಂದು 30ರಿಂದ 36ರವರೆಗೆ, ಇನ್ನೊಂದು 36ರಿಂದ 42ರವರೆಗೆ. ಉಳಿದದ್ದೆಲ್ಲ ಪಟ್ಟಿ ಮತ್ತು ಚೌಕಗಳ ಕೆಲಸ. ಚೌಕವನ್ನು ಯಾವ ಓರೆಯಲ್ಲಿ ತಿರುಗಿಸಿ ಕೂರಿಸುತ್ತೇನೆ, ಹೆಗಲಿನ ಇಳಿಜಾರನ್ನು ಎಲ್ಲಿ ಅಡಗಿಸುತ್ತೇನೆ ಎಂಬ ಎರಡನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಆಸಕ್ತಿ ಇದ್ದವರು ಒಂದು ಹಳೆಯ ಕುಪ್ಪಸ ಹುಡುಕಿ ಅಳೆದರೆ ಉತ್ತರ ಅದರಲ್ಲೇ ಸಿಗುತ್ತದೆ.

ಹೇಳಿದಷ್ಟು ಸಲೀಸಾಗಿ ಆಗಲಿಲ್ಲ. ಕೋರಾ (ಬಿಳುಪು ಮಾಡದ ಹತ್ತಿ) ಬಟ್ಟೆಯಲ್ಲಿ ಚೆನ್ನಾಗಿ ಕೂತದ್ದು ಖಣಕ್ಕೆ ಬಂದಾಗ ಬಗಲಿನಲ್ಲಿ ಹರಿಯತೊಡಗಿತು. ಖಣದ ಹಾಸು (ಉದ್ದದ ಎಳೆ) ರೇಷ್ಮೆ, ಹೊಕ್ಕು (ಅಡ್ಡ ಎಳೆ) ಹತ್ತಿ. ಎರಡರ ಎಳೆತ ಒಂದೇ ಅಲ್ಲ. ಬೆನ್ನಿನಲ್ಲಿ ಹಾಸು ಅಡ್ಡಕ್ಕೆ ಬರುತ್ತದೆ, ಎದೆಯಲ್ಲಿ ಉದ್ದಕ್ಕೆ ಬರುತ್ತದೆ, ಆದ್ದರಿಂದ ತೋಳೆತ್ತಿದಾಗ ಎಳೆತವೆಲ್ಲ ಚೌಕದ ಹಿಂದಿನ ಮೂಲೆಗೆ ಬಂದು ಬೀಳುತ್ತದೆ. ಮೊದಲ ತಂಡದ ಹದಿನೈದಿಪ್ಪತ್ತು ಕುಪ್ಪಸಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಿಂಗಳೊಳಗೆ ವಾಪಸು ಬಂದವು. ಕ್ಯಾನ್ವಾಸ್ ಹಚ್ಚಿ ನೋಡಿದೆ, ಬಗಲು ಬಿರುಸಾಗಿ ಚುಚ್ಚಿತು. ಇಂಟರ್‌ಲಾಕ್ ಮಾಡಿದೆ, ದಪ್ಪವಾಯಿತು. ಕೊನೆಗೆ ಹಳೆಯ ಕುಪ್ಪಸದಂತೆಯೇ ಮೂಲೆಗಳನ್ನು ಮಾತ್ರ ಕೈಹೊಲಿಗೆಯಲ್ಲಿ ಎರಡು ಸುತ್ತು ಬಿಗಿದು, ಉಳಿದದ್ದನ್ನು ಮಶಿನ್ನಿನಲ್ಲಿ ಓಡಿಸಿದ ಮೇಲೆ ದೂರು ನಿಂತಿತು. ಒಂದು ಕುಪ್ಪಸಕ್ಕೆ ಇದರಿಂದ ಇಪ್ಪತ್ತು ನಿಮಿಷ ಹೆಚ್ಚು, ಕೂಲಿಯೂ ಹೆಚ್ಚು. ಅದನ್ನು ಉಳಿಸಲು ಹೋಗಬೇಡಿ.

ಇನ್ನೊಂದು ತೊಂದರೆ ಮಡಿಕೆಯದು. ಅಂಗಡಿಯವರು ಖಣವನ್ನು ತ್ರಿಕೋನವಾಗಿ ಮಡಚಿ ವರ್ಷಗಟ್ಟಲೆ ಗಂಟು ಕಟ್ಟಿಡುವುದರಿಂದ ಮಡಿಕೆಯ ಗೆರೆಯಲ್ಲಿ ರೇಷ್ಮೆ ಸೀಳಿರುತ್ತದೆ. ಬರಿಗಣ್ಣಿಗೆ ಕಾಣುವುದಿಲ್ಲ, ತೊಟ್ಟ ಎರಡನೆಯ ದಿನ ಕಾಣುತ್ತದೆ. ಈಗ ನಾನು ಅಂಗಡಿಯ ಖಣ ಮುಟ್ಟುವುದಿಲ್ಲ, ನೇಕಾರರಿಂದ ನೇರವಾಗಿ ಮಡಿಸದೆ ಸುತ್ತಿಸಿ ತರುತ್ತೇನೆ. ಬಣ್ಣದ ಕಾಟವೂ ಇತ್ತು. ಒಂದು ಕೆಂಪು ಹೊಕ್ಕು ಬೆವರಿಗೆ ಬಿಟ್ಟು ಗಿರಾಕಿಯೊಬ್ಬರ ಬಿಳಿಯ ಸೀರೆಯೇ ಹಾಳಾಗಿ, ಸೀರೆಯ ಬೆಲೆ ಕಟ್ಟಿಕೊಡಬೇಕಾಯಿತು. ಅಂದಿನಿಂದ ಪ್ರತಿ ಹಾಸಿನಿಂದ (ಒಮ್ಮೆ ಮಗ್ಗಕ್ಕೆ ಏರಿಸಿದಷ್ಟು ಎಳೆಯ ಬಟ್ಟೆಯಿಂದ) ಗೇಣುದ್ದ ತುಂಡನ್ನು ಒದ್ದೆ ಬಿಳಿ ಮಲ್‌ಮಲ್‌ನಲ್ಲಿ ಸುತ್ತಿ ಒಂದು ರಾತ್ರಿ ಭಾರದಡಿ ಇಡುತ್ತೇವೆ. ಎಲ್ಲಕ್ಕಿಂತ ಮೋಜಿನ ದೂರು ತೇರಿನದು. ತೇರಿನ ಬುಟ್ಟಾ (ನೇಯ್ದ ಚಿತ್ತಾರ) ಹಾಸಿನ ಉದ್ದಕ್ಕೆ ನಿಲ್ಲುವ ಖಣವಾದರೆ, ನನ್ನ ಕ್ರಮದಲ್ಲಿ ಎದೆಯ ಮೇಲೆ ತೇರು ನೆಟ್ಟಗೆ ನಿಲ್ಲುತ್ತದೆ, ಬೆನ್ನಿನ ಮೇಲೆ ಅಡ್ಡ ಮಲಗುತ್ತದೆ. “ನಿಮ್ಮ ತೇರು ಹಿಂದಕಡೆ ಬಿದ್ದಬಿಟ್ಟೈತ್ರಿ” ಎಂದು ಬೆಳಗಾವಿಯ ಒಬ್ಬರು ಫೋನು ಮಾಡಿದ್ದರು. ಹಳೆಯ ಕುಪ್ಪಸಗಳಲ್ಲೂ ಹಾಗೆಯೇ ಬಿದ್ದಿದೆ, ಅಜ್ಜಿಯರಾರೂ ತಲೆ ಕೆಡಿಸಿಕೊಂಡಿರಲಿಲ್ಲ ಎಂದು ವಿವರಿಸಿದರೂ ಅವರಿಗೆ ಸಮಾಧಾನವಾಗಲಿಲ್ಲ. ಈಗ ತೇರು ಕೇಳಿದವರಿಗೆ ಮೊದಲೇ ತೋರಿಸಿ ಒಪ್ಪಿಸುತ್ತೇನೆ, ಒಪ್ಪದವರಿಗೆ ಸೂಜಿಮಲ್ಲಿಗೆಯ ಬುಟ್ಟಾ ಕೊಡುತ್ತೇನೆ. ಸೂಜಿಮಲ್ಲಿಗೆಯನ್ನು ಹೇಗೆ ತಿರುಗಿಸಿದರೂ ಯಾರೂ ಕೇಳುವುದಿಲ್ಲ.

ದುಡ್ಡಿನ ವಿಷಯ ಬರೆಯದಿದ್ದರೆ ಇದು ಅರ್ಧ ಬರೆದಂತೆ. ಕೆಲಸ ಬಿಡುವಾಗ ಕೈಯಲ್ಲಿದ್ದುದು ಪಿಎಫ್ ಸೇರಿ ನಾಲ್ಕು ಲಕ್ಷದ ಒಳಗೆ. ಹಳೆಯ ಜೂಕಿ ಮಶಿನ್ನುಗಳು ಎರಡು, ಒಂದು ಇಂಟರ್‌ಲಾಕ್, ಕತ್ತರಿಸುವ ಮೇಜು, ಬಾಡಿಗೆಯ ಮುಂಗಡ ಎಂದು ಒಂದೂವರೆ ಲಕ್ಷ ಹೋಯಿತು. ಕೈಮಗ್ಗದ ಖಣ ನಾನು ಕೊಳ್ಳತೊಡಗಿದಾಗ ಮೀಟರಿಗೆ 400 ರೂಪಾಯಿಯ ಆಸುಪಾಸು ಇತ್ತು. ಪವರ್‌ಲೂಮಿನ ಪಾಲಿಯೆಸ್ಟರ್ ಮಿಶ್ರಿತ ಖಣ ಅದರ ಮೂರನೆಯ ಒಂದು ಬೆಲೆಗೆ ಸಿಗುತ್ತಿತ್ತು, ಆದರೆ ಬಗಲಿನಲ್ಲಿ ಬೆವರು ಹೀರುವುದಿಲ್ಲವಾದ್ದರಿಂದ ನನಗೆ ಬೇಡವಾಗಿತ್ತು. ಇದೇ ಖಣಕ್ಕೆ ಊರಿನ ಟೇಲರ್ ಕೇಳುತ್ತಿದ್ದುದು ಒಂದೂಕಾಲು ಮೀಟರ್. ನಾನು ಮುಕ್ಕಾಲು ಮೀಟರಿನಲ್ಲಿ ಮುಗಿಸಿದರೆ ಒಂದು ಕುಪ್ಪಸಕ್ಕೆ 200 ರೂಪಾಯಿ ಉಳಿಯುತ್ತದೆ, ಆ ಇನ್ನೂರನ್ನೇ ಕೈಹೊಲಿಗೆಯ ಕೂಲಿಗೆ ಹಾಕಬಹುದು ಎಂಬುದು ನನ್ನ ಲೆಕ್ಕ. ಬಟ್ಟೆ 300, ಹೊಲಿಗೆ 350, ದಾರ ಹುಕ್ಕು ಇಸ್ತ್ರಿ ಪ್ಯಾಕಿಂಗ್ 80, ಬಾಡಿಗೆ ಕರೆಂಟಿನ ಪಾಲು ಇನ್ನೊಂದು ನೂರು. ಮಾರಾಟದ ಬೆಲೆ ಈಗ 1,450 ಇಟ್ಟಿದ್ದೇನೆ.

ಲೆಕ್ಕ ಹೀಗಿದ್ದರೂ ಮೊದಲ ವರ್ಷ ನಷ್ಟವೇ. ಬೆಂಗಳೂರಿನ ಒಂದು ಬೂಟೀಕಿನವರು ಅರವತ್ತು ಸಾವಿರದ ಮಾಲನ್ನು ಸಾಲದ ಮೇಲೆ ಒಯ್ದು, ಮುಕ್ಕಾಲು ವರ್ಷ ಸತಾಯಿಸಿ, ಕೊನೆಗೆ ‘ಸೈಜು ಪ್ರಮಾಣಬದ್ಧವಾಗಿಲ್ಲ’ ಎಂಬ ನೆಪದಲ್ಲಿ ಇಪ್ಪತ್ತು ಸಾವಿರ ಮುರಿದುಕೊಂಡು ಕೊಟ್ಟರು. ಅದಾದ ಮೇಲೆ ಅರ್ಧ ಮುಂಗಡ ಇಲ್ಲದೆ ಕತ್ತರಿ ಆಡಿಸುವುದಿಲ್ಲ. ಎರಡನೆಯ ವರ್ಷದ ಶ್ರಾವಣದಿಂದ ದೀಪಾವಳಿಯವರೆಗಿನ ಆರ್ಡರುಗಳಲ್ಲಿ ಹಾಕಿದ್ದಕ್ಕೆ ಬಂದದ್ದು ಸರಿಹೋಯಿತು. ಈ ವರ್ಷ ಮದುವೆಯ ತಿಂಗಳುಗಳಲ್ಲಿ ಕಾಲೇಜಿನ ಹಳೆಯ ಸಂಬಳಕ್ಕಿಂತ ಹೆಚ್ಚು ಕಂಡಿದ್ದೇನೆ. ಆಷಾಢದಲ್ಲಿ ಏನೂ ಇರುವುದಿಲ್ಲ. ನಾಲ್ವರು ಹೆಣ್ಣುಮಕ್ಕಳು ಹೊಲಿಯುತ್ತಾರೆ, ಪೀಸಿನ ಲೆಕ್ಕದಲ್ಲಿ. ಆಷಾಢದಲ್ಲಿ ಅವರಿಗೆ ಕೆಲಸ ಕೊಡಲೆಂದೇ ಅಳತೆ ಬೇಡದ ಚೀಲ, ದಿಂಬಿನ ಚೀಲಗಳನ್ನು ಮಾಡಿ ನೋಡಿದೆವು, ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆ ಹುಟ್ಟಲಿಲ್ಲ.

ಮನೆಯ ಮಾತನ್ನು ಹೆಚ್ಚು ಬರೆಯಬೇಕೆಂದಿಲ್ಲ, ಆದರೆ ಕೆಲಸ ಬಿಡಲು ಯೋಚಿಸುತ್ತಿರುವ ಕೆಲವು ಉಪನ್ಯಾಸಕಿಯರು ಕೇಳಿದ್ದರಿಂದ ಇಷ್ಟು. ನಮ್ಮ ಯಜಮಾನರು ಬೆಂಗಳೂರಿನಲ್ಲೇ ಇದ್ದಾರೆ, ಮಗಳು ಪಿಯುಸಿ ಮುಗಿಯುವವರೆಗೆ ಅವರೊಂದಿಗಿದ್ದಳು, ನಾನು ಅವ್ವನ ಜೊತೆ ಧಾರವಾಡದಲ್ಲಿ. ಎರಡು ಮನೆ, ಎರಡು ಬಾಡಿಗೆ, ಶನಿವಾರದ ರಾತ್ರಿ ರೈಲು. ಅವರು ಒಂದು ದಿನವೂ ಬೇಡವೆನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ, ಇಎಂಐ ಕಟ್ಟಿಕೊಂಡು ಹೋದರು. ಬಂಧುಗಳದು ಬೇರೆ ರಾಗ. “ಇಷ್ಟ ಓದಿ ಕಡೀಕ ಜಂಪರ್ ಹೊಲ್ಯಾಕ ಬಂದ್ಯಾ ನಮ್ಮವ್ವಾ?” ಎಂದು ಚಿಗವ್ವ ಮದುವೆಯ ಮಂಟಪದಲ್ಲೇ ಕೇಳಿದಳು. ಅದೇ ಚಿಗವ್ವ ಈಗ ತನ್ನ ಬೀಗಿತ್ತಿಯರಿಗೆಲ್ಲ ಅಳತೆ ಕೊಡಿಸುತ್ತಾಳೆ, ಮುಂಗಡ ಮಾತ್ರ ಕೊಡಿಸುವುದಿಲ್ಲ. ಅತ್ತೆಯವರ ದೂರು ನನಗೆ ನಿಜಕ್ಕೂ ಹಿಡಿಸಿತು: ಮನೆಯಲ್ಲಿ ಹೊಲಿಗೆಯ ಅಂಗಡಿ ಇದ್ದೂ ಕೌದಿಗೆ ಒಂದು ಚಿಂದಿ ಸಿಗುವುದಿಲ್ಲವೆಂದು ಅವರು ಬಂದವರ ಮುಂದೆಲ್ಲ ಹೇಳುತ್ತಾರೆ. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ನನಗೆ ಯಾವ ವಿಶ್ವವಿದ್ಯಾಲಯವೂ ಕೊಟ್ಟಿಲ್ಲ.

ನಡುನಡುವೆ ಬೇರೆ ಪ್ರಯೋಗಗಳಿಗೂ ಕೈ ಹಾಕಿದ್ದುಂಟು. ದಾಳಿಂಬೆಯ ಸಿಪ್ಪೆಯಲ್ಲಿ ಖಣದ ತುಂಡನ್ನು ಅದ್ದಿದರೆ ರೇಷ್ಮೆಯ ಹಾಸು ಒಂದು ಬಗೆಯಾಗಿ, ಹತ್ತಿಯ ಹೊಕ್ಕು ಇನ್ನೊಂದು ಬಗೆಯಾಗಿ ಬಣ್ಣ ಹಿಡಿದು ಬಿಸಿಲಿನಲ್ಲಿ ಬಟ್ಟೆ ಎರಡು ಬಣ್ಣವಾಗಿ ಹೊಳೆಯುತ್ತದೆ. ನೋಡಲು ಬಹಳ ಚೆಂದ, ಆದರೆ ಒಂದು ಸಲ ಬಂದದ್ದು ಇನ್ನೊಂದು ಸಲ ಬರುವುದಿಲ್ಲವಾದ್ದರಿಂದ ಆರ್ಡರಿಗೆ ಆಗುವುದಿಲ್ಲ. ತೋಳಿನ ದಡಿಯ ಮೇಲೆ ಕಸೂತಿ ಹಾಕಿಸಿದೆ. ಗವಂತಿಯೂ ಮುರ್ಗಿಯೂ ಎಳೆ ಎಣಿಸಿಯೇ ಹಾಕುವ ಹೊಲಿಗೆಗಳು, ಖಣದ ರೇಷ್ಮೆಯ ಎಳೆ ಒತ್ತಾಗಿರುವುದರಿಂದ ಹಾಕುವವರ ಕಣ್ಣಿಗೆ ಶಿಕ್ಷೆ. ನಮ್ಮಲ್ಲಿ ಹಾಕಿಕೊಟ್ಟವರು ಒಂದು ಗೋಪುರಕ್ಕೆ ಎರಡು ದಿನ ತೆಗೆದುಕೊಂಡು, ಇನ್ನು ಮೇಲೆ ಇಳಕಲ್ ಸೆರಗಾದರೆ ಕೊಡಿ, ಇದು ಬೇಡ ಎಂದು ಕೈ ಮುಗಿದರು. ಗಂಟಿನ ಬದಲು ಹುಕ್ಕು ಹಾಕಿದ್ದು ಮಾತ್ರ ನಿಂತಿತು. ಎದೆಯ ತುಂಡುಗಳ ಕೆಳಗೆ ಎರಡು ಸಣ್ಣ ನೆರಿಗೆ ಕೊಟ್ಟು ಡಾರ್ಟಿನ (ಎದೆಯ ಉಬ್ಬಿಗೆ ಹಿಡಿಯುವ ಮಡಿಕೆಯ) ಕೆಲಸ ಅದರಿಂದಲೇ ತೆಗೆಯುತ್ತೇನೆ, ಗಂಟು ಮೇಲೆ ಅಲಂಕಾರಕ್ಕೆ ಕೂರುತ್ತದೆ. ಕೆಲಸಕ್ಕೆ ಹೋಗುವ ಹುಡುಗಿಯರು ಜೀನ್ಸ್ ಮೇಲೆ ತೊಡಲೂ ಇದನ್ನೇ ಒಯ್ಯುತ್ತಿದ್ದಾರೆ.

ಕಲಿತ ವಿದ್ಯೆ ವ್ಯರ್ಥವಾಯಿತೇ ಎಂದು ಹಳೆಯ ವಿದ್ಯಾರ್ಥಿಗಳು ಕೇಳುತ್ತಾರೆ. ನಾನು ಕಲಿಸಿದ್ದರಲ್ಲಿ ಬಹುಪಾಲು ಮೇಜಿನ ಮೇಲೆ ಉಪಯೋಗಕ್ಕೆ ಬಂದಿಲ್ಲ ಎಂಬುದು ನಿಜ. ಆದರೆ ಹಳೆಯ ಉಡುಪನ್ನು ಬಿಚ್ಚದೆ ಓದುವ, ಸವೆದ ಜಾಗವನ್ನು ನೋಡಿ ತೊಟ್ಟವಳ ಕೆಲಸವನ್ನು ಊಹಿಸುವ, ಒಂದು ಅಳತೆಯನ್ನು ಹತ್ತು ಕಡೆ ತಾಳೆ ನೋಡುವ ಅಭ್ಯಾಸ ಬರದೇ ಇದ್ದಿದ್ದರೆ ಆ ಮೂರು ಕುಪ್ಪಸಗಳನ್ನು ನಾನೂ ಮೂರು ಹಳೆಯ ಬಟ್ಟೆಯೆಂದೇ ನೋಡಿ ಮಡಚಿಡುತ್ತಿದ್ದೆ. ಮಾಸ್ತರರಿಗೆ ಕೈ ಇತ್ತು, ಅವರ ಮುಂದೆ ಹಳೆಯದು ಇರಲಿಲ್ಲ. ಸಹೋದ್ಯೋಗಿಗಳ ಮುಂದೆ ಹಳೆಯದರ ಚಿತ್ರವಿತ್ತು, ಅವರು ಅದನ್ನು ಕತ್ತರಿಸಿ ನೋಡಿರಲಿಲ್ಲ. ನಾನು ಎರಡರ ಮಧ್ಯದ ಸಂದಿಯಲ್ಲಿ ಹೊಟ್ಟೆ ಹೊರೆಯುತ್ತಿದ್ದೇನೆ. ಆ ನಲವತ್ತು ನಕ್ಷೆಗಳನ್ನು ಎಂಟನೆಯ ಒಂದು ಪಾಲಿಗೆ ಇಳಿಸಿ ಒಂದು ಕಡತ ಮಾಡಿಟ್ಟಿದ್ದೇನೆ. ಅದನ್ನು ನೋಡಬೇಕೆಂದು ಬಂದ ಯಾವ ಸಂಶೋಧಕರನ್ನೂ ಬರಿಗೈಯಲ್ಲಿ ಕಳಿಸಿಲ್ಲ. ವ್ಯಾಪಾರದವರಿಗೆ ಮಾತ್ರ ತೋರಿಸುವುದಿಲ್ಲ.

ಇನ್ನೂ ಬಗೆಹರಿಯದ್ದು 44 ಮತ್ತು ಅದರ ಮೇಲಿನ ಅಳತೆ. ಪಕ್ಕದ ಪಟ್ಟಿ ನಾಲ್ಕು ಇಂಚು ದಾಟಿದರೆ ಅದು ಪಟ್ಟಿಯಾಗಿ ಉಳಿಯದೆ ಇನ್ನೊಂದು ತುಂಡೇ ಆಗಿಬಿಡುತ್ತದೆ, ಬುಟ್ಟಾ ಕೂಡುವುದಿಲ್ಲ. ಒಂದು ಮೀಟರ್ ಬಟ್ಟೆ ಹಾಕಿದರೆ ಆಗುತ್ತದೆ, ಆದರೆ ಆಗ ಚಿಂದಿ ಉಳಿಯುತ್ತದೆ, ಲೆಕ್ಕ ತಪ್ಪುತ್ತದೆ. ಮಗ್ಗದ ಅಗಲವನ್ನೇ 36 ಇಂಚಿಗೆ ಏರಿಸಿ ಕೊಡಿ ಎಂದು ಗುಳೇದಗುಡ್ಡದ ನನ್ನ ನೇಕಾರರನ್ನು ಕೇಳಿದ್ದೇನೆ. “ಫಣಿ ಬದಲ ಮಾಡಬೇಕಾಕ್ಕೈತ್ರಿ ಅಕ್ಕಾರ, ಒಂದ ಹಾಸ ಪೂರಾ ನೀವ ತಗೊಳ್ಳೂದಾದ್ರ ಮಾಡಿ ಕೊಡ್ತೀನಿ” ಎಂದಿದ್ದಾರೆ. ಫಣಿ ಎಂದರೆ ಹಾಸಿನ ಎಳೆಗಳನ್ನು ಸಾಲಾಗಿ ಹಿಡಿಯುವ ಮಗ್ಗದ ಬಾಚಣಿಗೆ. ಒಂದು ಹಾಸು ಎಂದರೆ ನನ್ನ ಎರಡು ತಿಂಗಳ ಬಟ್ಟೆ. ಅರ್ಧ ಹಣ ಮುಂಗಡ ಕೇಳಿದ್ದಾರೆ, ಶ್ರಾವಣದ ಆರ್ಡರುಗಳ ಹಣ ಕೈಗೆ ಬಂದ ಕೂಡಲೇ ಕೊಡುವುದೆಂದು ಮಾತಾಗಿದೆ. ದೊಡ್ಡ ಅಳತೆಯವರು ಅಲ್ಲಿಯವರೆಗೆ ದಯವಿಟ್ಟು ಫೋನು ಮಾಡಬೇಡಿ.